ಕನ್ನಡಿ ತೋರಿಸದ ಬಲ

ಸೋಮವಾರ ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಯಾವ ಬಡಾವಣೆಯ ಜಿಮ್ಮಿಗೆ ಹೋದರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಬೆಂಚ್ ಪ್ರೆಸ್ ಮುಂದೆ ಸರದಿ ಇರುತ್ತದೆ. ಗೋಡೆಯುದ್ದದ ಕನ್ನಡಿಯೆದುರು ಡಂಬಲ್ಸ್ ಹಿಡಿದವರು ಸಾಲಾಗಿ ನಿಂತು ತೋಳು ಮಡಿಸಿ ಬಿಡಿಸುತ್ತಿರುತ್ತಾರೆ, ಸೆಟ್ಟಿಗೊಮ್ಮೆ ಓರೆಯಾಗಿ ನಿಂತು ನೋಡಿಕೊಳ್ಳುತ್ತಾರೆ. ಮೂಲೆಯ ಸ್ಕ್ವಾಟ್ ಸ್ಟ್ಯಾಂಡಿನ ಮೇಲೆ ಮಾತ್ರ ಯಾರದೋ ಟವೆಲ್ ಒಣಗುತ್ತಿರುತ್ತದೆ. ಈ ಹುಡುಗರನ್ನು ಸೋಮಾರಿಗಳೆನ್ನುವಂತಿಲ್ಲ. ದುಡ್ಡು ಕೊಟ್ಟು, ಟ್ರಾಫಿಕ್ಕಿನಲ್ಲಿ ಬೆಂದು ಬಂದು, ಒಂದೂವರೆ ಗಂಟೆ ಬೆವರು ಹರಿಸುತ್ತಾರೆ. ಆದರೂ ವರ್ಷ ಕಳೆದ ಮೇಲೆ ಅವರಲ್ಲಿ ಬಹಳ ಮಂದಿ ಎತ್ತುವ ತೂಕ ಹೋದ ವರ್ಷದ್ದೇ ಆಗಿರುತ್ತದೆ. ಯಾವ ವ್ಯಾಯಾಮ ಮಾಡಬೇಕು ಎಂಬ ತೀರ್ಮಾನವನ್ನು ಅವರು ಕನ್ನಡಿಗೆ ಬಿಟ್ಟುಕೊಟ್ಟಿರುವುದೇ ಇದಕ್ಕೆ ಮುಖ್ಯ ಕಾರಣ. ಕನ್ನಡಿಗೆ ಎದೆ ಕಾಣುತ್ತದೆ, ತೋಳು ಕಾಣುತ್ತದೆ, ಹೊಟ್ಟೆ ಕಾಣುತ್ತದೆ. ಬೆನ್ನು, ಪಿರ್ರೆ, ತೊಡೆಯ ಹಿಂಭಾಗ ಅದಕ್ಕೆ ಕಾಣುವುದಿಲ್ಲ. ಮನುಷ್ಯನ ಬಲದ ದೊಡ್ಡ ಪಾಲು ಇರುವುದು ಅಲ್ಲೇ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಕತೆ ಇದು.

ಬಲ ಎಲ್ಲಿಂದ ಬರುತ್ತದೆ ಎಂದು ನೋಡಲು ಕುಂದಾಪುರದ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯವರನ್ನು ಗಮನಿಸಬಹುದು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಅವರು, 56 ಕೆ.ಜಿ. ವಿಭಾಗದ ಬೆಳ್ಳಿ. ನಾಲ್ಕು ವರ್ಷದ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಗೋಲ್ಡ್ ಕೋಸ್ಟ್‌ನಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಎತ್ತಿದರು. ಅಂದರೆ ತಮ್ಮ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರವನ್ನು ನೆಲದಿಂದ ತಲೆಯ ಮೇಲಕ್ಕೆ. ಅಂಗಡಿಯಲ್ಲಿ ಸಣ್ಣ ಅಳತೆಯ ಅಂಗಿ ಕೊಳ್ಳುವ ಗಾತ್ರದ ಗಂಡಸು ಇದನ್ನು ಮಾಡುವುದು ಹೇಗೆ? ಅಂಥ ಎತ್ತುಗೆಯನ್ನು ನಿಧಾನಗತಿಯ ವಿಡಿಯೊದಲ್ಲಿ ನೋಡಿ. ಬಾರ್ ನೆಲ ಬಿಡುವಾಗ ತೋಳುಗಳು ಹಗ್ಗದ ಹಾಗೆ ನೇರವಾಗಿ ಇಳಿಬಿದ್ದಿರುತ್ತವೆ, ಕೆಲಸವೆಲ್ಲ ಪಾದಗಳು ನೆಲವನ್ನು ಒತ್ತುವುದರಲ್ಲಿ. ಬಾರ್ ತೊಡೆಯ ಮೇಲ್ಭಾಗಕ್ಕೆ ಬಂದ ಕ್ಷಣ ಸೊಂಟ ಮುಂದಕ್ಕೆ ಚಿಮ್ಮುತ್ತದೆ, ಆ ಹೊಡೆತಕ್ಕೆ ಬಾರ್ ಹಾರುತ್ತದೆ. ತೋಳು ಮಡಚಿಕೊಳ್ಳುವುದು ಆಮೇಲೆ. ಭಾರ ಎತ್ತಿದ್ದು ಕಾಲು ಮತ್ತು ಸೊಂಟ, ಹಿಡಿದುಕೊಂಡಿದ್ದು ಕೈ.

ಹಾಗಾದರೆ ಜಿಮ್ಮಿಗೆ ಹೋಗುವ ಸಾಮಾನ್ಯ ಗಂಡಸು ವ್ಯಾಯಾಮವನ್ನು ಹೇಗೆ ಆರಿಸಬೇಕು? ಸ್ನಾಯುಗಳ ಹೆಸರು ಹಿಡಿದು ಹೊರಟರೆ ಪಟ್ಟಿ ಮುಗಿಯುವುದೇ ಇಲ್ಲ. ದೇಹ ಮಾಡುವ ಕೆಲಸಗಳನ್ನು ಹಿಡಿದು ಹೊರಟರೆ ಐದಕ್ಕೆ ಮುಗಿಯುತ್ತದೆ: ಕೂತು ಏಳುವುದು, ನೆಲದ ಮೇಲಿನದನ್ನು ಎತ್ತುವುದು, ತಳ್ಳುವುದು, ಎಳೆದುಕೊಳ್ಳುವುದು, ಹೊತ್ತು ನಡೆಯುವುದು. ಜಿಮ್ಮಿನಲ್ಲಿ ಮೊದಲನೆಯದು ಸ್ಕ್ವಾಟ್, ಎರಡನೆಯದು ಡೆಡ್‌ಲಿಫ್ಟ್. ತಳ್ಳುವುದಕ್ಕೆ ಬೆಂಚ್ ಪ್ರೆಸ್ ಇದೆ, ಪುಷ್ ಅಪ್ ಇದೆ, ನಿಂತು ತಲೆಯ ಮೇಲಕ್ಕೆ ಎತ್ತುವ ಪ್ರೆಸ್ ಇದೆ. ಎಳೆಯುವುದಕ್ಕೆ ಪುಲ್ ಅಪ್ ಮತ್ತು ರೋಯಿಂಗ್. ಐದನೆಯದನ್ನು ಫಾರ್ಮರ್ಸ್ ವಾಕ್ ಎನ್ನುತ್ತಾರೆ, ಎರಡು ಕೈಯಲ್ಲೂ ಭಾರ ಹಿಡಿದು ರೈತನ ಹಾಗೆ ನಡೆಯುವುದು. ಇದೆಲ್ಲ ಹೊರಗಿನಿಂದ ಬಂದ ಸರಕು ಎಂದುಕೊಳ್ಳಬೇಕಿಲ್ಲ. ಮೈಸೂರಿನ ಗರಡಿಮನೆಗಳ ಕೆಮ್ಮಣ್ಣಿನ ಮೇಲೆ ಪೈಲ್ವಾನರು ಬಸ್ಕಿ ಹೊಡೆದು, ದಂಡ ತೆಗೆದು, ಗದೆ ತಿರುಗಿಸಿ ಸಾಮು ಮಾಡಿದ್ದು ಇವನ್ನೇ. ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು, ಜೋಳದ ಚೀಲ ಹೆಗಲಿಗೇರಿಸುವವರು ಮಾಡುವುದೂ ಇವನ್ನೇ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ('ಶಾಂತಲಾ', 'ರೂಪದರ್ಶಿ' ಬರೆದ ಅದೇ ಕಾದಂಬರಿಕಾರರು) 1930ರ ದಶಕದಲ್ಲೇ ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಜೊತೆಗಿಟ್ಟು ಕಲಿಸಿದರು. ಬೈಸೆಪ್ಸ್‌ಗೊಂದು ದಿನ, ಟ್ರೈಸೆಪ್ಸ್‌ಗೊಂದು ದಿನ ಎಂದು ಮೈಯನ್ನು ಕಟುಕನ ಅಂಗಡಿಯ ಹಾಗೆ ಭಾಗ ಹಾಕುವ ಪದ್ಧತಿ ಸ್ಪರ್ಧೆಗೆ ಇಳಿಯುವ ಬಾಡಿಬಿಲ್ಡರ್‌ಗಳಿಗೆ ಹೊಂದಬಹುದು, ವಾರಕ್ಕೆ ಮೂರು ಗಂಟೆ ಸಿಕ್ಕರೆ ಹೆಚ್ಚು ಎನ್ನುವ ಬ್ಯಾಂಕ್ ನೌಕರನಿಗೆ ಹೊಂದುವುದಿಲ್ಲ.

ಲೆಕ್ಕ ಸರಳ. ಮೈಯ ಅತಿ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ ಮತ್ತು ಪಿರ್ರೆಯಲ್ಲಿ. ಒಂದು ಸ್ಕ್ವಾಟ್‌ನಲ್ಲಿ ಅವೂ ದುಡಿಯುತ್ತವೆ, ಬೆನ್ನು ನೆಟ್ಟಗೆ ನಿಲ್ಲಲು ಹೊಟ್ಟೆಯ ಸುತ್ತಲಿನ ಸ್ನಾಯುಗಳೂ ಬಿಗಿಯುತ್ತವೆ. ಅದೇ ಸಮಯದಲ್ಲಿ ತೋಳು ಮಡಿಸಿದವನು ಅಂಗೈಯಗಲದ ಒಂದು ಸ್ನಾಯುವನ್ನು ದುಡಿಸಿರುತ್ತಾನೆ. ಭಾರತದ ಗಂಡಸರಿಗೆ ಈ ದೊಡ್ಡ ಸ್ನಾಯುಗಳ ವಿಚಾರ ಅಂದಚೆಂದದ್ದಲ್ಲ, ಆರೋಗ್ಯದ್ದು. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯನ್ನು ಇನ್ಸುಲಿನ್ ಸಾಗಿಸುವ ದೊಡ್ಡ ಉಗ್ರಾಣವೇ ಸ್ನಾಯು. ಉಗ್ರಾಣ ಚಿಕ್ಕದಾದಷ್ಟೂ ಸಕ್ಕರೆ ಹೊರಗೆ ಉಳಿಯುತ್ತದೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಸ್ವಾರಸ್ಯದ ಚಿತ್ರ ಬಂತು. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೊ ಅದು. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯ ಕೊಬ್ಬು ಅಳೆದಾಗ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನೋಡಲು ಸಣಕಲು, ಒಳಗೆ ಕೊಬ್ಬು, ಸ್ನಾಯು ಕಡಿಮೆ: ನಮ್ಮಲ್ಲಿ ಮನೆಗೊಬ್ಬ ಕಾಣುವ, ತೆಳ್ಳಗಿನ ಕೈಕಾಲಿನ ಮೇಲೆ ಗುಡಾಣದಂಥ ಹೊಟ್ಟೆ ಹೊತ್ತ ಗಂಡಸಿನ ಚಿತ್ರವೇ ಇದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಬೆಂಬಲದ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿತು. ಇಂಥ ಮೈಗೆ ಮೊದಲು ಬೇಕಾದ್ದು ತೊಡೆ ಮತ್ತು ಬೆನ್ನು, ಉಬ್ಬಿದ ತೋಳು ಆಮೇಲೆ.

ಐದರಲ್ಲಿ ಜನ ಅತಿ ಹೆಚ್ಚು ಹೆದರುವುದು ನೆಲದಿಂದ ಎತ್ತುವುದಕ್ಕೆ. ಸೊಂಟ ಹಿಡಿದುಕೊಳ್ಳುತ್ತದೆ ಎಂಬ ಭಯ. ಭಯಕ್ಕೆ ಕಾರಣವಿಲ್ಲದಿಲ್ಲ, ಆದರೆ ಜಿಮ್ಮಿಗೆ ಹೋಗದವರೂ ಈ ವ್ಯಾಯಾಮದಿಂದ ತಪ್ಪಿಸಿಕೊಂಡಿಲ್ಲ. ಅಡುಗೆಮನೆಯ ತುಂಬಿದ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ, ಕಬ್ಬಿಣದ ತೂಕ ಸೇರಿದರೆ 30 ಕೆ.ಜಿ.ಯ ಆಸುಪಾಸು. ನೀರಿನ ಕ್ಯಾನು 20 ಲೀಟರಿನದು. ಕಾಲು ನೆಟ್ಟಗಿಟ್ಟು, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ತೋಳು ಚಾಚಿ ಅದನ್ನು ದೂರದಿಂದ ಎಳೆದವನಿಗೆ ಮೂರು ದಿನ ಹಾಸಿಗೆ ಗ್ಯಾರಂಟಿ. ಡೆಡ್‌ಲಿಫ್ಟ್ ಕಲಿಸುವುದು ಇದರ ತಿರುಗುಮುರುಗನ್ನು. ಬಾರ್ ಮೊಣಕಾಲಿನ ಕೆಳಗಿನ ಮೂಳೆಗೆ ತಾಗುವಷ್ಟು ಹತ್ತಿರ ನಿಲ್ಲಬೇಕು. ಹಿಂದೆ ಇರುವ ಬಾಗಿಲನ್ನು ಪಿರ್ರೆಯಿಂದ ತಳ್ಳಿ ಮುಚ್ಚುವವನ ಹಾಗೆ ಸೊಂಟವನ್ನು ಹಿಂದಕ್ಕೆ ಒಯ್ಯಬೇಕು. ಬೆನ್ನು ಹಲಗೆಯ ಹಾಗಿರಬೇಕು. ಆಮೇಲೆ ಬಾರನ್ನು ಎಳೆಯುವ ಯೋಚನೆ ಬಿಟ್ಟು ನೆಲವನ್ನು ಒದೆಯುವ ಯೋಚನೆ ಮಾಡಬೇಕು. ಭಾರ ಮೈಗೆ ಒರಸಿಕೊಂಡೇ ಮೇಲೆ ಬರುತ್ತದೆ. ಹೊಸಬರು ಇದನ್ನು ಹಗುರವಾದ ಕೆಟಲ್‌ಬೆಲ್ ಹಿಡಿದು ಒಂದು ತಿಂಗಳು ಕಲಿತರೆ ತಡವಾಯಿತೆಂದೇನೂ ಅಲ್ಲ. ಎತ್ತಿದ್ದನ್ನು ಹಿಡಿದು ಇಪ್ಪತ್ತು ಹೆಜ್ಜೆ ನಡೆದರೆ ಐದನೆಯ ಕೆಲಸವೂ ಆಯಿತು, ಜೊತೆಗೆ ಹಿಡಿತಕ್ಕೂ ವ್ಯಾಯಾಮ. ಈ ಹಿಡಿತ ಸಣ್ಣ ವಿಷಯವಲ್ಲ. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಮುಷ್ಟಿಯ ಬಲ ಅಳೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಿಡಿತ ಪ್ರತಿ 5 ಕೆ.ಜಿ. ಕಡಿಮೆಯಾದಂತೆ ಸಾವಿನ ಸಾಧ್ಯತೆ ಶೇ. 16ರಷ್ಟು ಹೆಚ್ಚಿದ್ದು ಅದರಲ್ಲಿ ಕಂಡುಬಂತು. ಮುಷ್ಟಿ ಬಿಗಿ ಮಾಡಿಕೊಂಡ ಮಾತ್ರಕ್ಕೆ ಆಯುಸ್ಸು ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಮುಷ್ಟಿಯು ಇಡೀ ಮೈಯ ಬಲದ ಗುರುತು, ಅಷ್ಟೆ.

ಸರಿಯಾದ ವ್ಯಾಯಾಮ ಆರಿಸಿದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಗರಡಿಮನೆಗೆ ಹೋಲಿಸಿದರೆ ಜಿಮ್ಮಿನ ನಿಜವಾದ ಹೆಚ್ಚುಗಾರಿಕೆ ಎ.ಸಿ.ಯೂ ಅಲ್ಲ, ಹಾಡೂ ಅಲ್ಲ, ಒಂದೂಕಾಲು ಕೆ.ಜಿ.ಯ ಪುಟ್ಟ ಪ್ಲೇಟು. ಸಂಗ್ರಾಣಿ ಕಲ್ಲು ಎಷ್ಟು ತೂಗುತ್ತದೋ ಅಷ್ಟೇ ತೂಗುತ್ತದೆ. ಇವತ್ತು ಎದ್ದರೆ ಎದ್ದಿತು, ಇಲ್ಲದಿದ್ದರೆ ಬರುವ ವರ್ಷದ ಜಾತ್ರೆ. ಬಸ್ಕಿಯಲ್ಲೂ ಇದೇ ತೊಡಕು: ಮೈತೂಕ ಬದಲಾಗುವುದಿಲ್ಲವಾದ್ದರಿಂದ ಎಣಿಕೆಯನ್ನು ನೂರು, ಇನ್ನೂರು, ಐನೂರು ಎಂದು ಏರಿಸಬೇಕು, ಅದರಿಂದ ದಮ್ಮು ಹೆಚ್ಚಿದಷ್ಟು ಬಲ ಹೆಚ್ಚುವುದಿಲ್ಲ. ಬಾರ್ ಹಾಗಲ್ಲ. ಎರಡೂ ಕಡೆಗೆ ಒಂದೂಕಾಲು ಸೇರಿಸಿದರೆ ನಿನ್ನೆಗಿಂತ ಎರಡೂವರೆ ಕೆ.ಜಿ. ಹೆಚ್ಚಾಯಿತು, ಮೈಗೆ ಗೊತ್ತೇ ಆಗುವುದಿಲ್ಲ. ಕ್ರಿಸ್ತಪೂರ್ವ 6ನೇ ಶತಮಾನದ ಗ್ರೀಕ್ ಜಟ್ಟಿ, ಕ್ರೋಟನ್ನಿನ ಮೈಲೊ, ದಿನಾ ಒಂದು ಕರುವನ್ನು ಹೊತ್ತು ನಡೆದನಂತೆ. ಕರು ಹೋರಿಯಾಯಿತು, ಅವನು ಹೊರುತ್ತಲೇ ಇದ್ದನಂತೆ. ಕತೆ ಕತೆಯೇ, ಆದರೆ ಅದರೊಳಗಿನ ಲೆಕ್ಕ ಸರಿ. ಅದನ್ನು ವೈದ್ಯಶಾಸ್ತ್ರಕ್ಕೆ ತಂದವರು ಥಾಮಸ್ ಡಿಲಾರ್ಮ್. ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರದಿಂದ ಮಲಗಿ, ಭಾರ ಎತ್ತಿಯೇ ಚೇತರಿಸಿಕೊಂಡ ಈ ವೈದ್ಯರು ಎರಡನೇ ಮಹಾಯುದ್ಧದ ಹೊತ್ತಿಗೆ ಶಿಕಾಗೊದ ಸೇನಾ ಆಸ್ಪತ್ರೆಯಲ್ಲಿದ್ದರು. ಮೊಣಕಾಲಿಗೆ ಪೆಟ್ಟು ಬಿದ್ದ ಸೈನಿಕರಿಗೆ ಆಗ ಹಗುರ ಭಾರವನ್ನು ನೂರಾರು ಸಲ ಎತ್ತಿಸುತ್ತಿದ್ದರು, ಕಾಲು ಬಲಿಯುತ್ತಿರಲಿಲ್ಲ. ಡಿಲಾರ್ಮ್ ಅದನ್ನು ತಿರುಗಿಸಿದರು: ಹತ್ತು ಸಲ ಎತ್ತುವಷ್ಟರಲ್ಲಿ ಸಾಕಪ್ಪಾ ಎನಿಸುವ ಭಾರ, ವಾರಕ್ಕೊಮ್ಮೆ ಪರೀಕ್ಷೆ, ಎತ್ತಿದರೆ ಮತ್ತಷ್ಟು ಭಾರ. 1945ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದವರು 1948ರ ಹೊತ್ತಿಗೆ ಮೂರು ಸೆಟ್ ಸಾಕು ಎಂದರು. ಇಂದು ಜಿಮ್ಮಿನಲ್ಲಿ ಟ್ರೇನರ್ ಹೇಳುವ 'ಹತ್ತರ ಮೂರು ಸೆಟ್' ಹುಟ್ಟಿದ್ದು ಗಾಯಾಳುಗಳ ವಾರ್ಡಿನಲ್ಲಿ.

ಭಾರ ಏರಿಸುವ ಈ ಕ್ರಮವನ್ನು ಬಳಸಲು ಬೇಕಾದ ಸಲಕರಣೆ ಒಂದು ಪುಸ್ತಕ, ಒಂದು ಪೆನ್ನು. ಖಾಲಿ ಬಾರ್ ಸಾಮಾನ್ಯವಾಗಿ 20 ಕೆ.ಜಿ. ಅದರಿಂದ ಸ್ಕ್ವಾಟ್ ಶುರುಮಾಡಿ ವಾರಕ್ಕೆ ಎರಡೂವರೆ ಕೆ.ಜಿ. ಸೇರಿಸುತ್ತ ಹೋದರೆ 24 ವಾರಕ್ಕೆ ಕಾಗದದ ಮೇಲೆ 80 ಆಗುತ್ತದೆ. ನಿಜದಲ್ಲಿ ನಡುವೆ ಜ್ವರ ಬರುತ್ತದೆ, ತಂಗಿಯ ಮದುವೆ ಬರುತ್ತದೆ, ವರ್ಷಾಂತ್ಯದ ಲೆಕ್ಕಪತ್ರ ಬರುತ್ತದೆ, 60ಕ್ಕೆ ನಿಂತಿರಬಹುದು. ಅರವತ್ತೇ ಆಗಲಿ, ಆರು ತಿಂಗಳ ಹಿಂದೆ ಖಾಲಿ ಬಾರಿಗೆ ಮೊಣಕಾಲು ನಡುಗಿದವನಿಗೆ ಅದು ಬೇರೆಯೇ ಮೈ. ಮೊದಲ ಕೆಲವು ವಾರ ಕನ್ನಡಿಯಲ್ಲಿ ಏನೂ ಕಾಣದಿದ್ದರೆ ಗಾಬರಿಯಾಗಬಾರದು. ಶುರುವಿನಲ್ಲಿ ಹೆಚ್ಚುವ ಬಲದ ದೊಡ್ಡ ಪಾಲು ನರಗಳದು ಎಂದು 1979ರಲ್ಲೇ ಮೊರಿಟಾನಿ ಮತ್ತು ಡಿವ್ರೀಸ್ ತೋರಿಸಿದ್ದಾರೆ. ಇರುವ ಸ್ನಾಯುವನ್ನೇ ಪೂರ್ತಿ ದುಡಿಸಿಕೊಳ್ಳಲು ಮಿದುಳು ಕಲಿಯುತ್ತಿರುತ್ತದೆ, ಸ್ನಾಯು ದಪ್ಪವಾಗುವುದು ಅದರ ಹಿಂದಿನಿಂದ. ಕನ್ನಡಿ ನಂಬಿದವನು ಜಿಮ್ ಬಿಡುವುದು ಸರಿಯಾಗಿ ಈ ಹೊತ್ತಿನಲ್ಲೇ. ಪುಸ್ತಕ ನಂಬಿದವನಿಗೆ ಏರುತ್ತಿರುವ ಅಂಕಿ ಕಾಣುತ್ತಿರುತ್ತದೆ.

'ಮೈ ಒಂದೇ ವ್ಯಾಯಾಮಕ್ಕೆ ಒಗ್ಗಿಹೋಗುತ್ತದೆ, ವಾರಕ್ಕೊಮ್ಮೆ ಬದಲಾಯಿಸಬೇಕು' ಎಂಬ ಮಾತು ಜಿಮ್ಮುಗಳಲ್ಲಿ ಬಹಳ ಓಡಾಡುತ್ತದೆ. ಮೈ ಒಗ್ಗುವುದು ವ್ಯಾಯಾಮಕ್ಕಲ್ಲ, ಭಾರಕ್ಕೆ. ಭಾರ ಏರುತ್ತಿರುವವರೆಗೆ ಸ್ಕ್ವಾಟ್ ಹಳತಾಗುವುದಿಲ್ಲ. ವಾರಕ್ಕೊಂದು ಹೊಸ ವ್ಯಾಯಾಮ ಮಾಡುವವನಿಗೆ ಹೋದ ವಾರಕ್ಕಿಂತ ಮುಂದೆ ಬಂದೆನೋ ಹಿಂದೆ ಬಿದ್ದೆನೋ ತಿಳಿಯುವ ದಾರಿಯೇ ಇರುವುದಿಲ್ಲ. ಇದಕ್ಕೆ ಎದುರಾಗಿ ಇನ್ನೊಂದು ಅತಿ ಇದೆ: ಬಾರ್‌ಬೆಲ್ ಬಿಟ್ಟು ಉಳಿದದ್ದೆಲ್ಲ ಮೋಸ, ಮೆಷಿನ್ ಮುಟ್ಟುವವನು ಗಂಡಸೇ ಅಲ್ಲ ಎನ್ನುವವರದು. ಅದಕ್ಕೂ ಆಧಾರವಿಲ್ಲ. ಮೆಷಿನ್ ಮತ್ತು ಬಿಡಿ ಭಾರಗಳನ್ನು ಹೋಲಿಸಿದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಸ್ನಾಯು ಬೆಳೆಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ಯಾವುದರ ಮೇಲೆ ಅಭ್ಯಾಸ ಮಾಡಿದರೋ ಅದರಲ್ಲಿ ಬಲ ಹೆಚ್ಚು ಬರುತ್ತದೆ, ಅಷ್ಟೆ. ಸೊಂಟನೋವಿರುವವನು ಲೆಗ್ ಪ್ರೆಸ್ ಮಾಡಲಿ, ಒಂದು ಪುಲ್ ಅಪ್ ಕೂಡ ಆಗದವನು ಲ್ಯಾಟ್ ಪುಲ್‌ಡೌನ್ ಮೆಷಿನ್ನಿನಲ್ಲಿ ಎಳೆಯಲಿ. ಭಾರದ ವಿಷಯದಲ್ಲೂ ಹಾಗೆಯೇ. ಹಗುರ ಭಾರವನ್ನು ಇನ್ನಾಗದು ಎನ್ನುವವರೆಗೆ ಎತ್ತಿದರೂ ಸ್ನಾಯು ಬಲಿಯುತ್ತದೆ, ಗರಿಷ್ಠ ಬಲ ಬೇಕಾದರೆ ಮಾತ್ರ ದೊಡ್ಡ ಭಾರ ಬೇಕು. ಎಳೆಯುವುದು, ಕೂತು ಏಳುವುದು ಎಂಬ ಕೆಲಸ ಆಗಬೇಕು, ಅದು ಯಾವ ಕಬ್ಬಿಣದ ಮೇಲೆ ಆಯಿತೆಂಬುದು ಆಮೇಲಿನ ಮಾತು. ಕೊನೆಯ ಹತ್ತು ನಿಮಿಷ ತೋಳಿಗೆ ಡಂಬಲ್ಸ್ ಹಿಡಿಯಬೇಕೆನಿಸಿದರೆ ಧಾರಾಳವಾಗಿ ಹಿಡಿಯಬಹುದು. ಉಪ್ಪಿನಕಾಯಿಗೆ ಯಾರ ಅಡ್ಡಿಯೂ ಇಲ್ಲ, ಅದನ್ನೇ ಊಟ ಮಾಡಬಾರದು.

ಹೊಟ್ಟೆಯ ಪ್ರಶ್ನೆ ಬೇರೆ. 'ಹೊಟ್ಟೆ ಕರಗಲು ಯಾವ ವ್ಯಾಯಾಮ?' ಎಂದು ಕೇಳದ ಗಂಡಸಿಲ್ಲ. ದಿನಕ್ಕೆ ನೂರು ಕ್ರಂಚಸ್ ಹೊಡೆದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬು ಎಲ್ಲಿತ್ತೋ ಅಲ್ಲೇ ಇರುತ್ತದೆ. ಇದನ್ನು 1971ರಲ್ಲಿ ಅಮೆರಿಕದ ಸಂಶೋಧಕರು ಬಹಳ ಜಾಣತನದಿಂದ ಪರೀಕ್ಷಿಸಿದರು. ಟೆನಿಸ್ ಆಟಗಾರರ ಒಂದು ತೋಳು ವರ್ಷಗಟ್ಟಲೆ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದುಡಿದಿರುತ್ತದೆ. ದುಡಿದ ಜಾಗದ ಕೊಬ್ಬು ಕರಗುವುದೇ ನಿಜವಾಗಿದ್ದರೆ ರಾಕೆಟ್ ಹಿಡಿದ ತೋಳಿನ ಚರ್ಮದಡಿಯ ಕೊಬ್ಬು ತೆಳ್ಳಗಿರಬೇಕಿತ್ತು. ಅಳೆದು ನೋಡಿದರೆ ಆ ತೋಳು ದಪ್ಪವಾಗಿತ್ತು, ಕೊಬ್ಬಿನ ಪದರ ಮಾತ್ರ ಎರಡೂ ತೋಳಿನಲ್ಲಿ ಒಂದೇ ಸಮ. 2011ರ ಇನ್ನೊಂದು ಪ್ರಯೋಗದಲ್ಲಿ ಆರು ವಾರ ಹೊಟ್ಟೆಯ ವ್ಯಾಯಾಮವನ್ನಷ್ಟೇ ಮಾಡಿಸಿದರು, ಸೊಂಟದ ಸುತ್ತಳತೆ ಇಳಿಯಲಿಲ್ಲ. ಕೊಬ್ಬು ಇಳಿಯುವುದು ಇಡೀ ಮೈಯ ಲೆಕ್ಕದಲ್ಲಿ, ತಟ್ಟೆಯಲ್ಲಿ ಬಡಿಸಿದ್ದಕ್ಕೂ ಮೈ ಖರ್ಚು ಮಾಡಿದ್ದಕ್ಕೂ ಇರುವ ಅಂತರದಲ್ಲಿ. ಅದಕ್ಕೆ ನಡಿಗೆ ಬೇಕು, ಊಟದ ಹತೋಟಿ ಬೇಕು. ಭಾರ ಎತ್ತುವುದರಿಂದ ಆಗುವ ಉಪಕಾರವೆಂದರೆ, ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗಿಹೋಗದಂತೆ ಅದು ತಡೆಯುತ್ತದೆ.

ಸ್ಕ್ವಾಟ್ ಮಾಡಿದರೆ ಮೊಣಕಾಲು ಸವೆಯುತ್ತದೆ ಎಂಬ ಆಕ್ಷೇಪಣೆಗೆ ಒಂದು ಇತಿಹಾಸವಿದೆ. 1961ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಎಂಬುವರು ಪೂರ್ತಿ ಕೆಳಗೆ ಕೂರುವ ಸ್ಕ್ವಾಟ್‌ನಿಂದ ಮೊಣಕಾಲಿನ ಕಟ್ಟುಗಳು ಸಡಿಲವಾಗುತ್ತವೆ ಎಂದು ಬರೆದರು. ಅಮೆರಿಕದ ತರಬೇತುದಾರರು ಅರ್ಧ ಕೂತು ಏಳುವ ನಿಯಮ ತಂದರು, ಅದು ಲೋಕವೆಲ್ಲ ಹರಡಿತು. ಮುಂದೆ ನಡೆದ ಅಧ್ಯಯನಗಳಲ್ಲಿ ಕ್ಲೈನ್ ಕಂಡದ್ದು ಮತ್ತೆ ಕಾಣಲಿಲ್ಲ. ಸರಿಯಾಗಿ ಕಲಿತು, ಭಾರವನ್ನು ನಿಧಾನವಾಗಿ ಏರಿಸಿದರೆ ಆಳವಾದ ಸ್ಕ್ವಾಟ್ ಆರೋಗ್ಯವಂತ ಮೊಣಕಾಲಿಗೆ ಕೇಡು ಮಾಡುತ್ತದೆ ಎನ್ನಲು ಆಧಾರವಿಲ್ಲ ಎಂದು 2013ರ ಜರ್ಮನ್ ಪರಾಮರ್ಶೆಯೊಂದು ತೀರ್ಮಾನಿಸಿತು. ನಮ್ಮವರಿಗೆ ಇದನ್ನು ಜರ್ಮನರಿಂದ ಕೇಳುವ ಅಗತ್ಯವೇ ಇರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುವ, ಕಳೆ ಕೀಳುವ, ಪಂಚಾಯ್ತಿ ಮಾಡುವ ಜನ ನಾವು. ಕುರ್ಚಿ, ಕಮೋಡು, ಕಾರು ಬಂದ ಒಂದೇ ತಲೆಮಾರಿನಲ್ಲಿ ಮೂವತ್ತರ ಗಂಡಸು ನೆಲದಿಂದ ಏಳಲು ಗೋಡೆ ಹುಡುಕುವಂತಾಗಿದೆ. ಕುಕ್ಕರುಗಾಲು ಬಾರದವನು ಹೆಗಲ ಮೇಲೆ ಬಾರ್ ಇಟ್ಟುಕೊಳ್ಳುವ ಮುನ್ನ ಬಾಗಿಲ ಚೌಕಟ್ಟು ಹಿಡಿದು ದಿನಾ ಎರಡು ನಿಮಿಷ ಹಾಗೆ ಕೂರುವುದನ್ನು ರೂಢಿ ಮಾಡಿಕೊಳ್ಳಲಿ. ಈಗಾಗಲೇ ಊತ, ನೋವು ಇರುವ ಮೊಣಕಾಲಿನವರು ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಮೊದಲು ಕಾಣಬೇಕು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಹೃದಯದ ಭಯ. 2021ರ ಅಕ್ಟೋಬರ್ 29ರಂದು ವ್ಯಾಯಾಮಪ್ರಿಯ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಜಿಮ್ ಎಂಬ ಮಾತಿಗೇ ಒಂದು ನೆರಳು ಬಿತ್ತು. ಹೃದ್ರೋಗ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದರು, ಎಷ್ಟೋ ಮನೆಗಳಲ್ಲಿ ತಾಯಂದಿರು ಮಕ್ಕಳ ಜಿಮ್ ಬಿಡಿಸಿದರು. ಆ ದುಃಖವನ್ನು ಹಗುರವಾಗಿ ಕಾಣುವಂತಿಲ್ಲ, ಆದರೆ ಒಂದು ಸಾವನ್ನು ಹಿಡಿದು ವ್ಯಾಯಾಮಕ್ಕೆ ತೀರ್ಪು ಬರೆಯಲೂ ಆಗದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೊರಡಿಸಿದ ಹೇಳಿಕೆ ಹತ್ತಾರು ಅಧ್ಯಯನಗಳನ್ನು ಜಾಲಾಡಿ, ಭಾರ ಎತ್ತುವ ವ್ಯಾಯಾಮ ಮಾಡುವವರಲ್ಲಿ ಒಟ್ಟು ಸಾವಿನ ಸಾಧ್ಯತೆ ಸುಮಾರು ಶೇ. 15, ಹೃದ್ರೋಗದ ಸಾಧ್ಯತೆ ಶೇ. 17 ಕಡಿಮೆ ಇದೆ ಎಂದಿತು. ಹಾಗೆಂದು ಎಚ್ಚರಿಕೆ ಬೇಡವೆಂದಲ್ಲ. ಕೆನಡಾದ ಸಂಶೋಧಕರು 1985ರಲ್ಲಿ ಪಳಗಿದ ದೇಹದಾರ್ಢ್ಯಪಟುಗಳ ತೋಳಿನ ರಕ್ತನಾಳದೊಳಗೇ ಮಾಪಕ ಇಟ್ಟು ಅಳೆದರು. ಶಕ್ತಿ ಮೀರಿದ ಲೆಗ್ ಪ್ರೆಸ್ ಹೊತ್ತಿನಲ್ಲಿ ಅವರ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು. ಗಟ್ಟಿ ಹೃದಯ ಆ ಕ್ಷಣಗಳನ್ನು ತಾಳಿಕೊಳ್ಳುತ್ತದೆ. ಬಿ.ಪಿ. ಇದೆಯೆಂದೇ ಗೊತ್ತಿಲ್ಲದ 45ರ ಗಂಡಸು, ಪಕ್ಕದ ಹುಡುಗನೊಡನೆ ಪಂಥ ಕಟ್ಟಿ ಉಸಿರು ಬಿಗಿಹಿಡಿದು ಎತ್ತುವುದು ಬೇರೆ ವಿಷಯ. ನಲವತ್ತು ದಾಟಿದವರು, ಮಧುಮೇಹ ಅಥವಾ ಬಿ.ಪಿ. ಇರುವವರು, ಸಿಗರೇಟು ಸೇದುವವರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವರು ಮೊದಲು ವೈದ್ಯರಿಂದ ಸೈ ಎನಿಸಿಕೊಳ್ಳಲಿ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಎದೆ ಹಿಂಡಿದರೆ, ತಲೆ ಸುತ್ತಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು. ಗ್ಯಾಸ್ಟ್ರಿಕ್ ಇರಬಹುದು ಎಂದು ಸೋಡಾ ಕುಡಿದು ಕೂರಬಾರದು.

ಪ್ರೋಟೀನ್ ಪುಡಿಯ ಡಬ್ಬಿಗಳ ವಿಚಾರ ಬೇಗ ಮುಗಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಸಾಮಾನ್ಯ ಮನುಷ್ಯನಿಗೆ ಮೈತೂಕದ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರ ಮೇಲಿನ 49 ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿದಾಗ 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಈ ಎರಡರ ನಡುವಿನ ಅಂತರವನ್ನು ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆ, ಮೀನುಗಳಿಂದ ತುಂಬಿಸಿಕೊಳ್ಳಬಹುದು, ಅನ್ನದ ರಾಶಿ ಸ್ವಲ್ಪ ತಗ್ಗಬೇಕು ಅಷ್ಟೆ. ಇನ್‌ಸ್ಟಾಗ್ರಾಮ್ ಮೈಗಳ ಬಗ್ಗೆ ಒಂದು ಅಂಕಿ ನೆನಪಿಟ್ಟುಕೊಳ್ಳುವಂಥದ್ದು. ಶಲೇಂದರ್ ಭಾಸಿನ್ ಮತ್ತು ಸಂಗಡಿಗರು 1996ರಲ್ಲಿ 43 ಗಂಡಸರ ಮೇಲೆ 10 ವಾರದ ಪ್ರಯೋಗ ನಡೆಸಿದರು. ಪ್ರಾಮಾಣಿಕವಾಗಿ ಭಾರ ಎತ್ತಿದವರಿಗೆ ಬಂದ ಕೊಬ್ಬುರಹಿತ ತೂಕ ಸುಮಾರು 2 ಕೆ.ಜಿ. ಯಾವ ವ್ಯಾಯಾಮವೂ ಮಾಡದೆ ದೊಡ್ಡ ಪ್ರಮಾಣದ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಂಡವರಿಗೆ 3 ಕೆ.ಜಿ.ಗೂ ಹೆಚ್ಚು. ಅಂಥ ಮೈ ತೋರಿಸಿ 'ನನ್ನ ತೋಳಿನ ಗುಟ್ಟು ಈ ಐದು ವ್ಯಾಯಾಮ' ಎಂದರೆ ನಂಬುವವರು ನಂಬಲಿ. ಚುಚ್ಚುಮದ್ದಿನ ಬೆಲೆಯನ್ನು ಹೃದಯ, ಪಿತ್ತಜನಕಾಂಗ, ವೀರ್ಯ ಆಮೇಲೆ ತೆರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಂದ ಕೇಳುವುದು ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ, ಜೊತೆಗೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. ಎರಡು ದಿನ ಸಿಗದವರು ಅಪರೂಪ. ಒಂದು ದಿನ ಸ್ಕ್ವಾಟ್, ಬೆಂಚ್ ಪ್ರೆಸ್, ರೋಯಿಂಗ್. ಎರಡು ದಿನ ಬಿಟ್ಟು ಡೆಡ್‌ಲಿಫ್ಟ್, ತಲೆಯ ಮೇಲಿನ ಪ್ರೆಸ್, ಪುಲ್ ಅಪ್, ಕೊನೆಗೆ ಭಾರ ಹೊತ್ತು ನಡಿಗೆ. ಹಗುರ ಭಾರದಿಂದ ಮೈ ಬೆಚ್ಚಗಾದ ಮೇಲೆ ಒಂದೊಂದನ್ನೂ ಎಂಟು ಹತ್ತು ಸಲದ ಮೂರು ಸೆಟ್, ನಡುವೆ ಎರಡು ನಿಮಿಷ ಬಿಡುವು. ಒಟ್ಟು ಮುಕ್ಕಾಲು ಗಂಟೆ. ಉಳಿದ ದಿನ ನಡಿಗೆ. ಇದು ಗಂಡಸರ ಪಟ್ಟಿ ಎಂದು ಬರೆದರೂ ಹೆಂಗಸರ ಪಟ್ಟಿ ಬೇರೆ ಇಲ್ಲ, ಭಾರದ ಅಂಕಿಯಷ್ಟೇ ಬೇರೆ.

'ನಮ್ಮ ವಯಸ್ಸು ಆಯಿತು ಬಿಡಿ' ಎನ್ನುವವರಿಗೆ ಉತ್ತರ 1990ರಿಂದಲೂ ಇದೆ. ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಹತ್ತು ಮಂದಿ ಹಿರಿಯರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 90. ವಾರಕ್ಕೆ ಮೂರು ದಿನ, ಎಂಟು ವಾರ, ತೊಡೆಗೆ ಭಾರದ ವ್ಯಾಯಾಮ ಕೊಟ್ಟರು. ಅದೂ ಅಜ್ಜ ಅಜ್ಜಿಯರಿಗೆಂದು ಮುದ್ದು ಮಾಡದೆ, ಅವರು ಎತ್ತಬಲ್ಲ ಗರಿಷ್ಠ ಭಾರದ ಶೇ. 80ರವರೆಗೆ. ಒಬ್ಬರು ನಡುವೆ ಬಿಟ್ಟರು. ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. ಅವರಲ್ಲಿ ಇಬ್ಬರು ಊರುಗೋಲು ಬಿಟ್ಟು ನಡೆದರು.